ಶೋಕೇಸಿನ ತಮ್ಮ

ಗಂಡಸರ ಸುಳ್ಳುಗಳಲ್ಲಿ ಅರ್ಧ ಸೊಂಟದ ಸುತ್ತ ಇರುತ್ತವೆ, ಇನ್ನರ್ಧ ತಲೆಯ ಮೇಲೆ. ಸೊಂಟದ್ದು ನನ್ನ ಪಾಲಿಗೆ ಬಂದಿದೆ, ಯಾಕೆಂದರೆ ನಾನು ದರ್ಜಿ. "ಹಳೇ ಅಳತೇನೇ ಇಟ್ಕೊಳ್ಳಿ, ನಾನೇನೂ ದಪ್ಪ ಆಗಿಲ್ಲ" ಎನ್ನುವವರ ಪ್ಯಾಂಟಿಗೆ ಸದ್ದಿಲ್ಲದೆ ಒಂದೂವರೆ ಇಂಚು ಸಡಿಲ ಬಿಟ್ಟು ಹೊಲಿಯುತ್ತಾ ಇಪ್ಪತ್ತು ವರ್ಷ ಕಳೆದಿದ್ದೇನೆ. ತಲೆಯದ್ದು ಪಕ್ಕದ ಅಂಗಡಿಯ ಫೋಟೋಗ್ರಾಫರನ ಪಾಲಿಗೆ ಹೋಗಿತ್ತು. ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಅವನು ಸೀನಿದರೆ ನನ್ನ ಸೂಜಿ ಅಲುಗುತ್ತದೆ. ಹಾಗಾಗಿ ಇಲ್ಲಿ ನಾನು ಕದ್ದು ಕೇಳಿದ್ದು ಅಂತ ಏನೂ ಇಲ್ಲ. ಕಿವಿ ಮುಚ್ಚಿಕೊಳ್ಳಲಿಲ್ಲ, ಅಷ್ಟೇ.

ಅವನ ದಿನದ ಅನ್ನ ಪಾಸ್‌ಪೋರ್ಟ್ ಸೈಜ್ ಫೋಟೋ. ಜನ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಅವನು ಗದ್ದ ಹಿಡಿದು ಒಂದು ಚೂರು ಎಡಕ್ಕೆ ತಿರುಗಿಸುತ್ತಾನೆ, ಆಮೇಲೆ ಕಂಪ್ಯೂಟರಿನಲ್ಲಿ ಮೊಡವೆ ಅಳಿಸುತ್ತಾನೆ, ಕೇಳಿಕೊಂಡವರಿಗೆ ನಾಲ್ಕು ಕೂದಲೂ ಬೆಳೆಸಿಕೊಡುತ್ತಾನೆ. ಈ ಬೀದಿಯ ಎಷ್ಟೋ ಗಂಡಸರ ಗುರುತಿನ ಚೀಟಿಯಲ್ಲಿರುವ ಕ್ರಾಪು ಇವನ ಮೌಸಿನಿಂದ ಹುಟ್ಟಿದ್ದು. ಎಳೆ ಮಕ್ಕಳು ಬಂದು ಅತ್ತು ಊರು ಒಂದು ಮಾಡಿದರೆ, ಹಳದಿ ರಬ್ಬರ್ ಬಾತುಕೋಳಿಯೊಂದನ್ನು ತನ್ನ ನೆತ್ತಿಯ ಮೇಲೆ ಕೂರಿಸಿಕೊಂಡು ಕ್ಯಾಮೆರಾ ಹಿಂದೆ ನಿಲ್ಲುತ್ತಾನೆ. ಅದು ಮೆಲ್ಲಗೆ ಜಾರಿ ಹಣೆಯ ಮೇಲೆ ಬರುವಷ್ಟರಲ್ಲಿ ಮಗು ನಕ್ಕಿರುತ್ತದೆ. ಅವನ ಹೆಂಡತಿ ಕೌಂಟರಿನಲ್ಲಿ ಕೂತು ಫೋಟೋಗಳನ್ನು ಕಟರಿನಲ್ಲಿ ಕತ್ತರಿಸಿ ಲಕೋಟೆಗೆ ಹಾಕುತ್ತಾರೆ. ನಾನು ಅವರನ್ನು ಅತ್ತಿಗೆ ಅನ್ನುತ್ತೇನೆ. ಮಾತು ಕಡಿಮೆ, ಕಟರಿನ ಸದ್ದು ಜಾಸ್ತಿ.

ಅವನಿಗೆ ಮೂವತ್ತಾಗುವಾಗ ಹಣೆಯ ಎರಡು ಮೂಲೆಗಳಿಂದ ಕೂದಲು ಹಿಂದೆ ಸರಿಯತೊಡಗಿತು. ಮೂವತ್ತೈದಕ್ಕೆ ನೆತ್ತಿ ಬಯಲಾಯಿತು. ನಲವತ್ತಕ್ಕೆ ಆ ಬಯಲೂ ಈ ಬಯಲೂ ಕೂಡಿಕೊಂಡವು. ಎಲ್ಲರ ಮನೆ ದೋಸೆಯೂ ತೂತೇ ಅಂತ ಅವನೂ ಸುಮ್ಮನಿರಬಹುದಿತ್ತು. ಆದರೆ ಅವನ ಅಂಗಡಿಗೆ ಶೋಕೇಸ್ ಒಂದಿತ್ತು.

ಹದಿನೆಂಟು ವರ್ಷದ ಹಿಂದೆ ಸ್ಟುಡಿಯೋ ತೆರೆದ ದಿನ ಶೋಕೇಸಿಗೆ ಇಡಲು ಯಾರ ಫೋಟೋವೂ ಇರಲಿಲ್ಲ. ಗಿರಾಕಿಗಳೇ ಇನ್ನೂ ಬಂದಿರಲಿಲ್ಲವಲ್ಲ. ಹೊಸ ಹೆಂಡತಿಗೆ ಕ್ಯಾಮೆರಾ ಕೊಟ್ಟು, ಎಲ್ಲಿ ಒತ್ತಬೇಕು ಅಂತ ತೋರಿಸಿ, ತಾನೇ ಸ್ಟೂಲಿನ ಮೇಲೆ ಕೂತ. ಅತ್ತಿಗೆ ತೆಗೆದ ಮೊದಲ ಫೋಟೋ ಅದು. ಇಪ್ಪತ್ತಾರರ ಹುಡುಗ, ಬಾಚಣಿಗೆ ಸಿಕ್ಕಿಕೊಳ್ಳುವಂಥ ಕೂದಲು, ಕ್ಯಾಮೆರಾ ಹಿಡಿದವಳನ್ನು ನೋಡಿ ಬಂದ ನಗು. ದೊಡ್ಡದು ಮಾಡಿ ಚೌಕಟ್ಟು ಹಾಕಿಸಿ ಇಟ್ಟರು. ಅಲ್ಲೇ ಉಳಿಯಿತು.

ಹತ್ತು ವರ್ಷದ ಹಿಂದೆ ಹೊಸದಾಗಿ ಬಂದ ಬ್ಯಾಂಕ್ ಗುಮಾಸ್ತನೊಬ್ಬ ಶೋಕೇಸ್ ನೋಡಿ, ಇವನನ್ನು ನೋಡಿ, "ನಿಮ್ಮ ತಮ್ಮನಾ?" ಅಂದ. "ನಾನೇ" ಅನ್ನಬೇಕಿತ್ತು. ಹಾಗಂದಿದ್ದರೆ ಆ ಗುಮಾಸ್ತ ಮತ್ತೊಮ್ಮೆ ಆ ಫೋಟೋ ನೋಡಿ, ಮತ್ತೊಮ್ಮೆ ಈ ತಲೆ ನೋಡಿ, "ಓ..." ಅನ್ನುತ್ತಿದ್ದ. ಆ ಒಂದು "ಓ" ತಪ್ಪಿಸಿಕೊಳ್ಳಲು ಇವನು "ಹೂಂ" ಅಂದುಬಿಟ್ಟ. ಹಲಗೆಯ ಈಚೆ ನನಗೆ ಕೇಳಿಸಿತು. ಹೊಲಿಗೆ ತಪ್ಪಿ, ಆ ಕಾಲರನ್ನು ನಾನು ಬಿಚ್ಚಿ ಮತ್ತೆ ಹೊಲಿದೆ.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಅನ್ನುತ್ತಾರೆ. ಇವನಿಗೆ ನೂರು ಸಾಕಾಗಲಿಲ್ಲ. ತಮ್ಮ ಔಟ್‌ಡೋರ್ ಶೂಟಿಂಗಿಗೆ ಹೋಗಿದ್ದಾನೆ, ಈಗಷ್ಟೇ ಬಂದು ಹೋದ, ಬರುವ ವಾರ ಬರುತ್ತಾನೆ. ಹಳಬರು ಮನೆ ಬದಲಾಯಿಸಿದರು, ಹೊಸಬರು ನಂಬಿದರು. ಫೋಟೋ ಚೆನ್ನಾಗಿ ಬಂದರೆ "ನಿಮ್ಮ ತಮ್ಮ ತೆಗೆದಿದ್ದಾ?" ಅನ್ನುತ್ತಿದ್ದರು. ಚೆನ್ನಾಗಿ ಬರದಿದ್ದರೆ "ಅವರಿದ್ದಾಗ ಬರ್ತೀವಿ ಬಿಡಿ" ಅನ್ನುತ್ತಿದ್ದರು. ದುಡಿಯುವವನು ಇವನು, ಹೆಸರು ಅವನಿಗೆ. ಒಂದು ದಿನ ನನ್ನ ಬಳಿ ಬಂದು ಬಾಬಿನ್ ಡಬ್ಬಿ ಸರಿಸಿ ಕೂತು, "ನಾನು ಎದುರಿಗೇ ನಿಂತಿರ್ತೀನಿ ಕಣೋ. ನನ್ನ ಜೊತೆ ಮಾತಾಡ್ತಾ ಶೋಕೇಸ್ ನೋಡ್ತಾರೆ. ನನ್ನ ಅಂಗಡೀಲಿ ನಾನೇ ಕೆಲಸದವನ ಥರ ಇದ್ದೀನಿ" ಅಂದ. ನಾನು ನಗಬೇಕೆಂದಿದ್ದೆ. ಅವನ ಮುಖ ನೋಡಿ ನಗು ಬರಲಿಲ್ಲ.

ಆಗಲೇ ಬೀದಿಯ ತುದಿಯ ಕಟ್ಟಡದ ಎರಡನೇ ಮಹಡಿಯಲ್ಲಿ ಕೂದಲು ನೆಡುವ ಕ್ಲಿನಿಕ್ ಬಂತು. ಬಿಫೋರ್, ಆಫ್ಟರ್ ಫೋಟೋ ತೆಗೆಯುವ ಕೆಲಸ ಇವನಿಗೇ ಸಿಕ್ಕಿತು. ಅದರ ಗುಟ್ಟನ್ನೆಲ್ಲ ನನಗೆ ಇವನೇ ಹೇಳಿದ. ಬಿಫೋರ್‌ಗೆ ನೆತ್ತಿಯ ಮೇಲೆ ನೇರ ಲೈಟು, ಕೂದಲಿಗೆ ನೀರು, ತಲೆ ತಗ್ಗು, ನಗು ಕೂಡದು. ಆಫ್ಟರ್‌ಗೆ ಮುಂದಿನಿಂದ ಛತ್ರಿ ಲೈಟು, ಒಣಗಿಸಿ ಬಾಚಿದ ಕೂದಲು, ಇಸ್ತ್ರಿ ಮಾಡಿದ ಅಂಗಿ, ಬಾಯಿ ತುಂಬ ನಗು. "ಅರ್ಧ ಕೂದಲು ನನ್ನ ಲೈಟೇ ಬೆಳೆಸುತ್ತೆ" ಅಂತ ನಕ್ಕಿದ್ದ. ಹಾಗೆ ನಕ್ಕವನೇ ಮೂರು ತಿಂಗಳಾಗುವಷ್ಟರಲ್ಲಿ ಅದೇ ಡಾಕ್ಟರ ಮುಂದೆ ತಲೆ ಕೊಟ್ಟು ಕೂತ. ತಾನು ತೋಡಿದ ಗುಂಡಿಗೆ ತಾನೇ ಬೀಳುವವರನ್ನು ನೋಡಿದ್ದೇನೆ. ಗುಂಡಿಯ ಆಳ ಅಳೆದು, ನನಗೂ ತೋರಿಸಿ, ಆಮೇಲೆ ಬಿದ್ದವನು ಇವನೊಬ್ಬನೇ.

ಡಾಕ್ಟರು ತಲೆಯ ಹಿಂಭಾಗ ತಡವಿ, "ಹಿಂದೆ ಒಳ್ಳೇ ಸ್ಟಾಕ್ ಇದೆ" ಅಂದರಂತೆ. ಅಲ್ಲಿಂದ ಎರಡು ಸಾವಿರದ ನಾನೂರು ಬೇರು ಕಿತ್ತು ಮುಂದೆ ನೆಟ್ಟರೆ, ಬರುವ ವರ್ಷ ಈ ಹೊತ್ತಿಗೆ ಶೋಕೇಸಿನ ಕೂದಲು. ಗುರುವಾರಕ್ಕೆ ದಿನ ಗೊತ್ತಾಯಿತು. ಹೊಸ ಕ್ಯಾಮೆರಾಕ್ಕೆ ಅಂತ ಇಟ್ಟಿದ್ದ ದುಡ್ಡು ಅತ್ತ ಹೋಗುವುದಿತ್ತು. ಕೂದಲು ಎಲ್ಲಿಂದ ಶುರುವಾಗಬೇಕು ಅಂತ ತೋರಿಸಲು ಡಾಕ್ಟರು ಹಣೆಯ ಮೇಲೆ ನೇರಳೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದರು. ಆ ಗೆರೆ ಹೊತ್ತುಕೊಂಡೇ ಇವನು ಬೀದಿಯಲ್ಲಿ ನಡೆದು ಬಂದ.

ಅತ್ತಿಗೆ ಕತ್ತೆತ್ತಿ ನೋಡಿದರು. ಕಟರ್ ನಿಂತಿತು.

"ಏನ್ರೀ ಇದು?"

"ಇಲ್ಲೀವರೆಗೂ ಬರುತ್ತೆ."

"ಬರ್ಲಿ. ಆಮೇಲೆ ಅಣ್ಣ ಎಲ್ಲಿ ಹೋದ ಅಂತ ಜನ ಕೇಳ್ತಾರಲ್ಲ, ಅವರಿಗೇನು ಹೇಳ್ತೀರಿ?"

ಅವನು ಅದನ್ನೂ ಯೋಚಿಸಿಟ್ಟಿದ್ದ. ಅಣ್ಣನಿಗೆ ಆರೋಗ್ಯ ಸರಿಯಿಲ್ಲ, ಕೆಲಸ ಬಿಟ್ಟ. ತಮ್ಮ ವಾಪಸು ಬಂದು ಅಂಗಡಿ ವಹಿಸಿಕೊಂಡ. ಇದನ್ನು ಅವನು ಹೇಳಿದ ಗಾಂಭೀರ್ಯಕ್ಕೆ ನಾನು ಅಳತೆ ಟೇಪನ್ನು ಕಚ್ಚಿ ಹಿಡಿದೆ.

ಅತ್ತಿಗೆ ನಗಲಿಲ್ಲ. "ಆ ಶೋಕೇಸಿನೋರ ಜೊತೆ ನಾನು ಬಾಳಿದ್ದು ಐದಾರು ವರ್ಷ. ಉಳಿದ ಹನ್ನೆರಡು ವರ್ಷ ಈ ತಲೆ ಜೊತೆ ಬಾಳಿದ್ದೀನಿ. ನನ್ನ ಆಪರೇಷನ್ ದಿನ ಆಸ್ಪತ್ರೇಲಿ ರಾತ್ರಿಯೆಲ್ಲ ಕೂತಿದ್ದು ಈ ತಲೆ. ಅದನ್ನ ಕೆಲಸದಿಂದ ತೆಗೀತೀರಾ?" ಅಂದರು. ಅವನು ಒಳಗೆ ಹೋಗಿ ಕನ್ನಡಿಯಲ್ಲಿ ಗೆರೆ ನೋಡಿಕೊಂಡ. ಮುಖ ತೊಳೆಯುವಾಗಲೂ ಗೆರೆಗೆ ಸೋಪು ತಾಗಿಸಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಮಂಗಳವಾರ ಹೆಡ್ ಮೇಡಂ ಬಂದರು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಬೀದಿಯನ್ನೆಲ್ಲ ತರಗತಿಯೆಂದೇ ತಿಳಿದಿರುವ ಹೆಂಗಸು. ಪಿಂಚಣಿಗೆ ಫೋಟೋ ಬೇಕಿತ್ತು. ಇವನು ಒಳಗೆ ಲೈಟು ಸರಿಮಾಡುತ್ತಿದ್ದ. ಮೇಡಂ ಕೌಂಟರಿಗೆ ಒರಗಿ ಕೇಳಿದರು.

"ನಿಮ್ಮ ಮೈದುನನಿಗೆ ಮದುವೆ ಆಗಿದೆಯೇನಮ್ಮ? ನನ್ನ ತಂಗಿ ಮಗಳಿಗೆ ನೋಡ್ತಿದ್ದೀವಿ. ಹುಡುಗ ಲಕ್ಷಣವಾಗಿದ್ದಾನೆ."

ನಾನು ಮಿಷನ್ ನಿಲ್ಲಿಸಿದೆ. ಕಟರ್ ಒಮ್ಮೆ ಕಚಕ್ ಅಂದಿತು, ಇನ್ನೊಮ್ಮೆ ಕಚಕ್ ಅಂದಿತು. ತನ್ನ ಗಂಡನಿಗೇ ಹೆಣ್ಣು ತಂದವರಿಗೆ ಯಾವ ಹೆಂಡತಿ ಏನು ಹೇಳಬೇಕೋ ನನಗಂತೂ ಗೊತ್ತಿರಲಿಲ್ಲ.

"ಅವರು ಇಲ್ಲ ಮೇಡಂ" ಅಂದರು ಅತ್ತಿಗೆ.

"ಎಲ್ಲಿಗೆ ಹೋಗಿದಾರೆ?"

"ತೀರ್ಕೊಂಡ್ರು."

ಒಳಗೆ ಏನೋ ಬಿದ್ದ ಸದ್ದಾಯಿತು.

"ಅಯ್ಯೋ, ಏನಾಗಿತ್ತಮ್ಮ?"

"ಇದ್ದಕ್ಕಿದ್ದ ಹಾಗೆ ಏನಲ್ಲ. ಸ್ವಲ್ಪ ಸ್ವಲ್ಪಾನೇ ಹೋದ್ರು. ಮೊದಲು ಮುಂದುಗಡೆಯಿಂದ ಶುರುವಾಯ್ತು. ಎಣ್ಣೆ, ಮಾತ್ರೆ, ಏನು ಮಾಡಿದ್ರೂ ನಿಲ್ಲಲಿಲ್ಲ."

"ಕಡೆಗಾಲದಲ್ಲಿ ನೋವಿತ್ತಾ?"

"ಅವರಿಗಿಂತ ಅವರಣ್ಣನಿಗೆ ಜಾಸ್ತಿ."

ಹೆಡ್ ಮೇಡಂಗೆ ತಿಳಿದ ಸುದ್ದಿಗೆ ಡಂಗುರ ಬೇಕಿಲ್ಲ. ಅಂದು ಸಂಜೆ ಇವನು ಹೆಂಡತಿಯ ಮೇಲೆ ಹಾರಾಡಿದ; ಅವರು ಲಕೋಟೆ ಎಣಿಸುತ್ತಾ ಕೂತಿದ್ದರು. ಬೆಳಗಾಗುವಷ್ಟರಲ್ಲಿ ಬೀದಿಯೇ ಬಾಗಿಲಲ್ಲಿತ್ತು. ಸತ್ತಿಲ್ಲ ಅನ್ನೋಣವೆಂದರೆ ತಮ್ಮನನ್ನು ತಂದು ನಿಲ್ಲಿಸಬೇಕು. ಹುಟ್ಟೇ ಇರಲಿಲ್ಲ ಅನ್ನೋಣವೆಂದರೆ ಹತ್ತು ವರ್ಷದ ಮರ್ಯಾದೆ ಹೋಗುತ್ತದೆ. ಇಂಗು ತಿಂದ ಮಂಗನ ಹಾಗೆ ಕೌಂಟರಿನ ಹಿಂದೆ ನಿಂತು, ಹಣೆಯ ಗೆರೆಯ ಸಮೇತ ಎಲ್ಲರ ಸಾಂತ್ವನ ಸ್ವೀಕರಿಸಿದ.

ಬ್ಯಾಂಕ್ ಗುಮಾಸ್ತ ಅವನ ಕೈ ಹಿಡಿದುಕೊಂಡು, "ಕಣ್ಣು, ಮೂಗು, ಎಲ್ಲಾ ನಿಮ್ಮ ಥರಾನೇ ಇದ್ರು. ಕೂದಲೊಂದು ಬಿಟ್ಟು" ಅಂದ. ಬ್ರೆಡ್ ಅಂಗಡಿಯ ಮುದುಕ, "ಇನ್ಮೇಲೆ ಎಲ್ಲಾ ನೀನೇ ಮಾಡ್ಬೇಕಲ್ಲಪ್ಪಾ" ಅಂತ ನಿಟ್ಟುಸಿರುಬಿಟ್ಟ. "ಇಷ್ಟು ದಿನಾನೂ ನಾನೇ ಮಾಡಿದ್ದು" ಅಂತ ಇವನು ಸಿಡುಕಿದ. "ಹೌದಪ್ಪ, ತಮ್ಮಂದಿರು ಹಾಗೇನೇ" ಅಂತ ಮುದುಕ ಬೆನ್ನು ಸವರಿದ. ಎದುರುಗಡೆ ಸಲೂನಿನವನು ಮಾತ್ರ ಎಲ್ಲ ಬಲ್ಲವನು. ಅವನೂ ಕೈಕಟ್ಟಿ ನಿಂತು, "ನಾನು ಅವರನ್ನ ಬಹಳ ಹತ್ತಿರದಿಂದ ಬಲ್ಲೆ. ಈ ಕೈಯಲ್ಲೇ ಗುಡಿಸಿ ಹೊರಗೆ ಹಾಕಿದ್ದೀನಿ" ಅಂದ. ಉಳಿದವರು ಅದನ್ನು ದುಃಖದಲ್ಲಿ ಆಡಿದ ಮಾತೆಂದು ಬಿಟ್ಟರು. ನಾನು ಹಲಗೆಯ ಈಚೆ ಬಂದು ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿದೆ.

ಮಧ್ಯಾಹ್ನ ನಾನು ಮತ್ತೆ ಆಚೆ ಹೋಗಿ ನಿಂತಿದ್ದಾಗ ಮೇಲುಬೀದಿಯ ನರ್ಸಮ್ಮ ಆರು ವರ್ಷದ ಮಗಳನ್ನು ಕರೆದುಕೊಂಡು ಬಂದರು.

"ಇವಳ ಮೊದಲನೇ ಫೋಟೋ ನಿಮ್ಮ ತಮ್ಮಾನೇ ತೆಗೆದಿದ್ದು. ಎಷ್ಟು ಚೆನ್ನಾಗಿ ನಗಿಸಿದ್ರು ಅಂದ್ರೆ, ಇವತ್ತಿಗೂ ಗೋಡೆ ಮೇಲಿದೆ."

ಹುಡುಗಿ ಅಮ್ಮನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ನೂರು ಸಲ ಕೇಳಿದ ಕಥೆಯಿರಬೇಕು, ಅಥವಾ ಹೋದ ವರ್ಷ ಶಾಲೆಯ ಫೋಟೋಗೆ ಬಂದಾಗಿನ ನೆನಪಿರಬೇಕು. ಇವನ ತಲೆಯನ್ನೇ ನೋಡುತ್ತಾ, "ಬಾತುಕೋಳಿ ಎಲ್ಲಿ?" ಅಂದಳು.

ಅವನು ಕೌಂಟರಿನ ಕೆಳಗಿನಿಂದ ತೆಗೆದು ನೆತ್ತಿಯ ಮೇಲೆ ಇಟ್ಟುಕೊಂಡ. ಅದು ಜಾರಿ ನೇರಳೆ ಗೆರೆಯ ಮೇಲೆ ಬಂದು ನಿಂತಿತು. ಹುಡುಗಿ ಕಿಸಕ್ಕನೆ ನಕ್ಕಳು.

ನರ್ಸಮ್ಮ ಅದನ್ನೇ ನೋಡುತ್ತಾ ನಿಂತರು. "ಅಂದ್ರೆ ಅವತ್ತೂ ನೀವೇನಾ? ಹೌದಲ್ವಾ, ಕೂದಲಿದ್ದಿದ್ರೆ ಅದು ಜಾರ್ತಾನೇ ಇರ್ಲಿಲ್ಲ. ಶೋಕೇಸಿನ ಮುಖ ನೋಡೀ ನೋಡೀ ನಾನು ಇಷ್ಟು ವರ್ಷ ತಮ್ಮ ಅಂದ್ಕೊಂಡೇ ಇದ್ದೆ" ಅಂದರು.

ಆಗ ಅವನು ಅತ್ತ. ಬಾತುಕೋಳಿ ಹೊತ್ತುಕೊಂಡೇ, ಮೂಗು ಸೊರ್ರೆನ್ನುವ ಹಾಗೆ ಅತ್ತ. ಬಂದವರೆಲ್ಲ ತಮ್ಮನಿಗಾಗಿ ಅಳುತ್ತಿದ್ದಾನೆ ಅಂದುಕೊಂಡರು. ಅವರು ತಿಳಿದದ್ದು ಪೂರ್ತಿ ತಪ್ಪೂ ಅಲ್ಲ. ಹತ್ತು ವರ್ಷದಿಂದ ಅಳದೆ ಇಟ್ಟುಕೊಂಡಿದ್ದ ಅಳು ಅದು. ಹೇಳಲು ನಾಚಿಕೆ ಯಾಕೆ, ನನಗೂ ಕಣ್ಣು ತುಂಬಿತು.

ಗುರುವಾರ ಬೆಳಿಗ್ಗೆ ಅವನು ಕ್ಲಿನಿಕ್ಕಿಗೆ ಹೋದದ್ದನ್ನು ನಾನೂ ನೋಡಿದೆ, ಅತ್ತಿಗೆಯೂ ನೋಡಿದರು. ಕಾಲು ಗಂಟೆಯಲ್ಲಿ ವಾಪಸು ಬಂದ.

"ಏನಾಯ್ತೋ?" ಅಂದೆ.

"ಮನೇಲಿ ಸಾವಾಗಿದೆ, ಮಾಡಿಸ್ಕೊಳ್ಳೋಕಾಗಲ್ಲ ಅಂದೆ."

"ಡಾಕ್ಟರ್ ಏನಂದ್ರು?"

"ಪಾಪ, ಬಹಳ ಬೇಜಾರು ಮಾಡ್ಕೊಂಡ್ರು. ಬರೋ ತಿಂಗಳು ಬಂದ್ರೆ ರಿಯಾಯ್ತಿ ಕೊಡ್ತಾರಂತೆ."

ಅಂದೇ ಅತ್ತಿಗೆ ಶೋಕೇಸಿನ ಫೋಟೋ ತೆಗೆದರು. ಬಿಸಾಡಲಿಲ್ಲ, ಸೀರೆಯ ಸೆರಗಿನಿಂದ ಧೂಳು ಒರೆಸಿ ಮನೆಗೆ ಒಯ್ದರು. ಖಾಲಿ ಜಾಗಕ್ಕೆ ಅವನನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿದರು. ಅವನು ಛತ್ರಿ ಲೈಟು ಹಾಕಲು ಎದ್ದ. "ಕೂತ್ಕೊಳ್ರಿ" ಅಂದು, ಸೂರಿನ ಟ್ಯೂಬ್‌ಲೈಟಿನಲ್ಲೇ ತೆಗೆದರು. ಬೆಳಕು ಮೇಲಿನಿಂದ ಬಿದ್ದು ನೆತ್ತಿ ಮಿಂಚಿತು, ಕಣ್ಣಿನ ಕೆಳಗೆ ನೆರಳಾಯಿತು, ಮಾಸಿದ ಗೆರೆ ಕೂಡ ಕಾಣುತ್ತಿತ್ತು. ಅದನ್ನು ಕಂಪ್ಯೂಟರಿನಲ್ಲಿ ಅಳಿಸಲು ಅವನು ಬೇಡಿಕೊಂಡ. ಅತ್ತಿಗೆ ಬಿಡಲಿಲ್ಲ. ನಗು ಮಾತ್ರ ಹಳೆಯದೇ ಇತ್ತು, ಯಾಕೆಂದರೆ ಕ್ಯಾಮೆರಾ ಹಿಡಿದವರು ಅವರೇ.

ಮರುವಾರ ಅಪರಿಚಿತನೊಬ್ಬ ಪಾಸ್‌ಪೋರ್ಟ್ ಫೋಟೋಗೆ ಬಂದ. ಶೋಕೇಸ್ ನೋಡಿದ, ಇವನನ್ನು ನೋಡಿದ.

"ಇವರು ನಿಮ್ಮ ಅಣ್ಣನಾ?"

ಕಟರ್ ನಿಂತಿತು. ನಾನೂ ಮಿಷನ್ನಿನಿಂದ ಕಾಲು ತೆಗೆದೆ. ಒಂದು "ಹೂಂ" ಅಂದಿದ್ದರೆ ಸಾಕಿತ್ತು; ತಲೆಗೆ ಸೂಜಿ ಚುಚ್ಚಿಸಿಕೊಳ್ಳದೆ, ದುಡ್ಡೂ ಕೊಡದೆ ಅವನು ಆ ಕ್ಷಣದಿಂದಲೇ ತಮ್ಮನಾಗಿಬಿಡಬಹುದಿತ್ತು. ಇವನು ಮತ್ತೆ ಕೆಟ್ಟ ಅಂತಲೇ ನಾನು ತೀರ್ಮಾನಿಸಿದ್ದೆ.

"ಅಲ್ಲ" ಅಂದ. "ನಾನೇ."

"ಓ..." ಅಂದ ಗಿರಾಕಿ.

"ಬನ್ನಿ, ಕೂತ್ಕೊಳ್ಳಿ" ಅಂತ ಅವನು ಸ್ಟೂಲು ಎಳೆದ ಸದ್ದು ಕೇಳಿಸಿತು. ಅತ್ತಿಗೆಯ ಕಟರ್ ಮತ್ತೆ ಕಚಕ್ ಕಚಕ್ ಅನ್ನತೊಡಗಿತು.