ಹೊಸ್ತಿಲಾಚೆಯ ತೆಲುಗು

ಸಿಕಂದರಾಬಾದಿನ ನಮ್ಮ ವಾರ್ಡ್ ಆಫೀಸಿನ ಹಿಂದೆ ಒಂದು ಸರ್ಕಾರಿ ಶಾಲೆ ಇದೆ. ಅದರ ಕೊನೆಯ ಕೋಣೆಯಲ್ಲಿ ನಾನು ಬಹಳ ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿದೆ. ಈಗ ಅಲ್ಲಿ ಇಂಗ್ಲಿಷ್ ಮಾಧ್ಯಮದ ಮಕ್ಕಳು ಕೂರುತ್ತಾರೆ. ಗೋಡೆಗೆ ಹೊಸ ಬಣ್ಣ ಬಂದಿದೆ, ಫ್ಯಾನು ತಿರುಗುತ್ತದೆ. ನಿಮ್ಮ ಕಾಲದಲ್ಲಿ ಫ್ಯಾನು ಇದ್ದೂ ತಿರುಗುತ್ತಿರಲಿಲ್ಲ ಅಲ್ಲವೇ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ತಿರುಗದ ಆ ಫ್ಯಾನಿನ ಕೆಳಗೆ ನಾನು ಎಷ್ಟು ಸುಖವಾಗಿದ್ದೆ ಎಂದು ಇವರಿಗೇನು ಗೊತ್ತು.

ನಿವೃತ್ತಿಯಾದ ಮೇಲೂ ನಾನು ಆ ಕಡೆ ಹೋಗುವುದನ್ನು ಬಿಟ್ಟಿಲ್ಲ. ಒಮ್ಮೆ ನಲ್ಲಿಯಲ್ಲಿ ನೀರು ಬರಲಿಲ್ಲವೆಂದು, ಒಮ್ಮೆ ಬೀದಿ ದೀಪ ಉರಿಯುತ್ತಿಲ್ಲವೆಂದು, ಏನಾದರೊಂದು ನೆಪ ಹಿಡಿದು ವಾರ್ಡ್ ಆಫೀಸಿಗೆ ಹೋಗುತ್ತೇನೆ. ದೂರು ಕೊಟ್ಟು ಸುಮ್ಮನೆ ಶಾಲೆಯ ಕಾಂಪೌಂಡಿನ ಪಕ್ಕ ನಿಲ್ಲುತ್ತೇನೆ. ಅಲ್ಲಿನ ಗುಮಾಸ್ತ ನನ್ನನ್ನು ವಾರ್ಡಿನ ಅತ್ಯಂತ ಜವಾಬ್ದಾರಿಯುತ ನಾಗರಿಕಳು ಎಂದು ತಿಳಿದಿದ್ದಾನೆ. ತಿಳಿದುಕೊಳ್ಳಲಿ ಬಿಡಿ.

ನನ್ನ ತವರು ಬೀದರಿನ ಕಡೆಯ ಒಂದು ಹಳ್ಳಿ. ಮದುವೆಯಾಗಿ ಬಂದ ಮನೆಯವರೂ ಕನ್ನಡದವರೇ, ಆದರೆ ಅಜ್ಜನ ಕಾಲದಿಂದ ಇಲ್ಲೇ ಬೇರೂರಿದವರು. ಅವರ ಕನ್ನಡದಲ್ಲಿ ಅರ್ಧ ತೆಲುಗು, ಉಳಿದದ್ದರಲ್ಲಿ ಅರ್ಧ ಉರ್ದು. ಹಾಗಾಗಿ ನನಗೆ ನನ್ನ ಊರಿನ ಮಾತು ಹೊಟ್ಟೆ ತುಂಬ ಸಿಗುತ್ತಿದ್ದದ್ದು ಆ ಕ್ಲಾಸಿನಲ್ಲಿ ಮಾತ್ರ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಅಲ್ಲಿ ಹೆಚ್ಚು. ಜಡೆಯಲ್ಲಿ ಸಿಮೆಂಟಿನ ಧೂಳು, ಕಂಕುಳಲ್ಲಿ ಚಿಕ್ಕ ತಮ್ಮನೋ ತಂಗಿಯೋ. ಅವ್ವ ಅಪ್ಪ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಕೂಸನ್ನು ಎಲ್ಲಿ ಬಿಡಬೇಕು? ಕೂಸೂ ಒಂದನೇ ಕ್ಲಾಸಿನಲ್ಲಿ ಕೂತು ಮೂತ್ರ ಮಾಡಿ ಹೋಗುತ್ತಿತ್ತು.

ಬೆಳಿಗ್ಗೆ ನಾನು ಒಳಗೆ ಕಾಲಿಡುವುದೇ ತಡ, ದೂರುಗಳು ಶುರುವಾಗುತ್ತಿದ್ದವು.

"ಟೀಚರ್ರೀ, ಇಂವ ನನ್ನ ಬಳಪ ಕಸಗೊಂಡಾನ್ರೀ."

"ಸುಳ್ಳರೀ! ಈಕಿನs ನನ್ನ ನೋಡಿ ಹಲ್ಲು ಕಿಸಿಯಾಕತ್ತಾಳ್ರೀ."

ನಾನು ಬೆತ್ತ ಎತ್ತಿ ಗದರುತ್ತಿದ್ದೆ, ಒಳಗೊಳಗೇ ಇನ್ನಷ್ಟು ಜಗಳವಾಡಲಿ ಅನಿಸುತ್ತಿತ್ತು. ಆ ಗದ್ದಲದಲ್ಲಿ ನನ್ನ ಅಕ್ಕತಂಗಿಯರು, ಹಿತ್ತಲು, ಬಾವಿಕಟ್ಟೆ ಎಲ್ಲ ಇದ್ದವು. ದಿನಾ ಸಂಜೆ ತವರಿಗೆ ಹೋಗಿ ಬಂದವಳ ಹಾಗೆ ಮನೆಗೆ ಮರಳುತ್ತಿದ್ದೆ.

ಈ ಊರಿನ ನಮ್ಮ ಜನಕ್ಕೆ ಒಂದು ರೂಢಿ ಉಂಟು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ನಾವೆಲ್ಲ ಸೇರಿ ಹರಟುತ್ತಿರುವಾಗ ಒಬ್ಬ ತೆಲುಗಿನವರು ಬಂದು ಕೂತರೆ ಸಾಕು, ಇಡೀ ಮಾತು ತೆಲುಗಿಗೆ ಹೊರಳುತ್ತದೆ. ಹೀಗೆ ಮಾಡಿ ಎಂದು ಯಾರೂ ಹೇಳಿಕೊಟ್ಟದ್ದಲ್ಲ. ಬಸ್ಸಿನಲ್ಲಿ ಇನ್ನೊಬ್ಬರಿಗೆ ಸರಿದು ಜಾಗ ಕೊಡುತ್ತೇವಲ್ಲ, ಹಾಗೆ. ನೀವು ಕನ್ನಡದವರಾ, ಗೊತ್ತೇ ಆಗಲಿಲ್ಲ ನೋಡಿ ಎಂದು ಯಾರಾದರೂ ಅಂದರೆ ನಮ್ಮವರು ಉಬ್ಬಿಹೋಗುತ್ತಾರೆ. ನಾನೂ ಉಬ್ಬಿದ್ದೇನೆ.

ಒಂದು ಬೇಸಿಗೆಯಲ್ಲಿ ಹೆಡ್‌ಮಾಸ್ತರು ಕರೆದು, ಜೂನಿನಿಂದ ಕನ್ನಡ ವಿಭಾಗ ಮುಚ್ಚಿ ಮಕ್ಕಳನ್ನು ತೆಲುಗು ವಿಭಾಗಕ್ಕೆ ಸೇರಿಸುವ ಮಾತು ಮೇಲಿನಿಂದ ಬಂದಿದೆ ಎಂದರು. ಮಕ್ಕಳು ಕಡಿಮೆಯಂತೆ. ಬಟ್ಟೆ ಅಂಗಡಿ ಇಟ್ಟಿದ್ದ ಬಸವಕಲ್ಯಾಣದ ಕಡೆಯ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದರು, ಎಲ್ಲರೂ ಕಾಕಾ ಎನ್ನುತ್ತಿದ್ದರು. ಅವರನ್ನು ಕರೆದುಕೊಂಡು ವಾರ್ಡಿನ ಕಾರ್ಪೊರೇಟರಮ್ಮನ ಮನೆಗೆ ಹೋದೆ. ಆಕೆ ಚರಂಡಿಯ ದೂರು ಹೊತ್ತು ಬಂದವರ ಗಲಾಟೆಯ ನಡುವೆಯೂ ನಮ್ಮನ್ನು ಕೂರಿಸಿ ಚಹಾ ಕೊಟ್ಟರು. "ಕಮ್ಯುನಿಟಿ ಹಾಲಿನಲ್ಲಿ ಜನರನ್ನು ಸೇರಿಸಿ, ನಾನೇ ಬಂದು ಕೇಳುತ್ತೇನೆ. ಈ ವಿಭಾಗ ಬೇಕೇ ಬೇಕು ಎಂದು ನನಗೆ ಅನಿಸಿದರೆ ಅಧಿಕಾರಿಗಳ ಬೆನ್ನು ಬಿಡುವುದಿಲ್ಲ" ಎಂದು ತೆಲುಗಿನಲ್ಲಿ ಭರವಸೆ ಕೊಟ್ಟರು. ಕೊಟ್ಟ ಮಾತಿಗೆ ತಪ್ಪದ ಹೆಂಗಸು ಎಂದು ವಾರ್ಡಿಗೆಲ್ಲ ಗೊತ್ತಿತ್ತು. ನನಗೆ ಹೋದ ಜೀವ ಬಂದಂತಾಯಿತು.

ಕಾಕಾ ಭಾಷಣ ಬರೆದುಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ನಿಂತು ಓದಿ ತೋರಿಸಿದರು. ಅಚ್ಚ ಕನ್ನಡ. ಅವರ ಮೊಮ್ಮಕ್ಕಳು ಕಾನ್ವೆಂಟಿಗೆ ಹೋಗುತ್ತಿದ್ದರು. "ನಿಮ್ಮವರನ್ನ ಮೊದಲು ನನ್ನ ಕ್ಲಾಸಿಗೆ ಕಳಸ್ರಿ ಕಾಕಾ" ಎಂದು ಕಾಲೆಳೆದೆ.

"ಅದಕ್ಕs ಹೇಳಾಕತ್ತೀನವ್ವಾ" ಎಂದರು ಅವರು. "ನಾ ಮಾತಾಡಿದ್ರ ಅವು ನಗ್ತಾವ. ಆ ಸಂಕಟ ನನಗs ಗೊತ್ತೈತಿ."

ಸಭೆ ನಡೆದದ್ದು ಕೆಲಸದ ದಿನ ಮಧ್ಯಾಹ್ನ. ಕಾರ್ಪೊರೇಟರಮ್ಮನಿಗೆ ಬಿಡುವಿದ್ದದ್ದೇ ಆಗ. ಮಕ್ಕಳ ಅಪ್ಪ ಅವ್ವಂದಿರು ಕೂಲಿ ಬಿಟ್ಟು ಬರಲಾಗಲಿಲ್ಲ. ಬಂದವರೆಲ್ಲ ಅಂಗಡಿಯವರು, ಬ್ಯಾಂಕಿನವರು, ರೈಲ್ವೆಯವರು. ನನ್ನ ಕ್ಲಾಸಿನ ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು.

ಕಾಕಾ ಮೈಕಿನ ಮುಂದೆ ನಿಂತರು. ಎದುರಿಗೆ ಕೂತಿದ್ದ ಕಾರ್ಪೊರೇಟರಮ್ಮನನ್ನು ಒಮ್ಮೆ ನೋಡಿದರು, ಕೈಯಲ್ಲಿದ್ದ ಕಾಗದ ಮಡಚಿ ಜೇಬಿಗಿಟ್ಟರು. "ಅಮ್ಮಾ, ಅಂದರಿಕೀ ನಮಸ್ಕಾರಮಂಡಿ" ಎಂದು ಶುರುಮಾಡಿದರು ನೋಡಿ, ಕೊನೆಯವರೆಗೂ ತೆಲುಗು. ಅದೂ ಎಂಥ ತೆಲುಗು! ನಗಿಸಿದರು, ಅಳಿಸಿದರು, ಚಪ್ಪಾಳೆ ಗಿಟ್ಟಿಸಿದರು. ಮನೆಮಾತು ಮಕ್ಕಳ ಬಾಯಿಂದ ಹೋಗಬಾರದು ಎಂಬುದನ್ನು ತೆಲುಗಿನಲ್ಲಿ ಇಷ್ಟು ಚೆನ್ನಾಗಿ ಹೇಳಬಹುದೆಂದು ನನಗೆ ಆವತ್ತೇ ಗೊತ್ತಾದದ್ದು. ಆಮೇಲೆ ರೈಲ್ವೆಯವರೊಬ್ಬರು ಎದ್ದರು, ಅವರದೂ ತೆಲುಗು. ನಾನು ಎದ್ದೆ, ನನ್ನದೂ ತೆಲುಗು. ನಮಗಾಗಿ ಬಿಡುವು ಮಾಡಿಕೊಂಡು ಬಂದ ಹೆಂಗಸನ್ನು ಅರ್ಥವಾಗದೆ ಕೂರಿಸುವುದು ಹೇಗೆ?

ಕೊನೆಗೆ ಕ್ಲಾಸಿನ ದೊಡ್ಡ ಹುಡುಗಿ ಒಂದು ಕನ್ನಡ ಪ್ರಾರ್ಥನೆ ಹಾಡಿದಳು. ಅವಳ ಅಪ್ಪ ಗೌಂಡಿ ಕೆಲಸದವನು, ಹುಡುಗಿ ಭಾರಿ ಚುರುಕು. ಕಾರ್ಪೊರೇಟರಮ್ಮ ಅವಳನ್ನು ಹತ್ತಿರ ಕರೆದು ಕೆನ್ನೆ ಸವರಿ, ಏನು ಓದುತ್ತೀಯಾ, ಮುಂದೆ ಏನಾಗುತ್ತೀಯಾ ಎಂದು ತೆಲುಗಿನಲ್ಲಿ ಕೇಳಿದರು. ಹುಡುಗಿ ಒಂದಿಷ್ಟೂ ತಡವರಿಸದೆ ಮುದ್ದಾದ ತೆಲುಗಿನಲ್ಲಿ ಉತ್ತರ ಕೊಟ್ಟಳು, ಪೊಲೀಸ್ ಆಗುತ್ತೇನೆ ಎಂದಳು. ಹಾಲ್ ತುಂಬ ನಗು.

ಕಾರ್ಪೊರೇಟರಮ್ಮ ಎದ್ದು ನಿಂತರು. "ಮೀರು ಮಾವಾಳ್ಳೇ ಕದಾ!" ಎಂದರು. ನೀವು ನಮ್ಮವರೇ ಅಲ್ಲವೇ! ಇಷ್ಟು ಚೆಂದದ ತೆಲುಗು ನನ್ನ ಮಕ್ಕಳಿಗೂ ಬರುವುದಿಲ್ಲ, ಈ ಮಕ್ಕಳನ್ನು ಯಾಕೆ ಬೇರೆ ಕೋಣೆಯಲ್ಲಿ ಕೂರಿಸಬೇಕು, ಎಲ್ಲರ ಜೊತೆ ಕೂರಲಿ, ಎಲ್ಲರಂತೆ ಮುಂದೆ ಬರಲಿ ಎಂದರು. ಆಕೆಯ ದನಿಯಲ್ಲಿ ಪ್ರೀತಿಯಿತ್ತು, ಅದೇ ದೊಡ್ಡ ಫಜೀತಿ. ಬೈದಿದ್ದರೆ ಜಗಳವಾಡಬಹುದಿತ್ತು. ನಮ್ಮವರೆಲ್ಲ ಚಪ್ಪಾಳೆ ತಟ್ಟಿಬಿಟ್ಟರು. ಕಾಕಾ ಕೂಡ ತಟ್ಟಿದರು. ತಟ್ಟುತ್ತ ತಟ್ಟುತ್ತ ನನ್ನ ಕಡೆ ನೋಡಿದರು, ಕೈ ಹಾಗೇ ನಿಂತಿತು.

ಹೊರಗೆ ಬಂದಾಗ ಅವರ ಮುಖ ಕಪ್ಪಿಟ್ಟಿತ್ತು. "ಆಕಿ ಎದುರಿಗೆ ಕುಂತಿದ್ಲವ್ವಾ" ಎಂದರು. "ತಿಳೀಲಾರದ ಮಾತಾಡಿದ್ರ ಮರ್ಯಾದಿ ಇರ್ತೈತೇನು?"

"ಇರಂಗಿಲ್ರಿ ಕಾಕಾ" ಎಂದೆ.

ಜೂನಿನಲ್ಲಿ ವಿಭಾಗ ಮುಚ್ಚಿತು. ನನ್ನನ್ನು ಅದೇ ಶಾಲೆಯಲ್ಲಿ ಉಳಿಸಿ ಲೆಕ್ಕದ ಪಾಠ ಕೊಟ್ಟರು, ತೆಲುಗಿನಲ್ಲಿ. ನನ್ನ ಮಕ್ಕಳೂ ಅಲ್ಲೇ ಇದ್ದರು, ಬೇರೆ ಮಕ್ಕಳ ನಡುವೆ ಚದುರಿ ಕೂತಿದ್ದರು. ಮೊದಲ ದಿನವೇ ಆ ದೊಡ್ಡ ಹುಡುಗಿ ಎದ್ದು ನಿಂತು, ನೀರು ಕುಡಿದು ಬರಲೇ ಎಂದು ತೆಲುಗಿನಲ್ಲಿ ಕೇಳಿದಳು. ಹೋಗು ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ದೀಪಾವಳಿಯ ಹೊತ್ತಿಗೆ ಅವರು ತಮ್ಮತಮ್ಮಲ್ಲೂ ತೆಲುಗಿನಲ್ಲೇ ಜಗಳವಾಡುತ್ತಿದ್ದರು. ಕಲಿತರು, ಪಾಸಾದರು, ಒಳ್ಳೆಯದೇ ಆಯಿತು. ಅದನ್ನು ನಾನು ಇಲ್ಲವೆನ್ನುವುದಿಲ್ಲ.

ನನಗೆ ಬಾವುಟ ಬೇಡ, ರಾಜ್ಯೋತ್ಸವದ ಹಾರ ಬೇಡ. ಇಂಥ ಸಮಾರಂಭಗಳಿಗೆ ಕರೆದಾಗ ಮೊಣಕಾಲು ನೋವೆಂದು ತಪ್ಪಿಸಿಕೊಳ್ಳುತ್ತೇನೆ. ಬಳಪ ಕಸಗೊಂಡಾನ್ರೀ ಎಂದು ಯಾರಾದರೂ ಒಮ್ಮೆ ನನ್ನ ಸೆರಗು ಎಳೆದು ದೂರು ಹೇಳಲಿ, ಅಷ್ಟೇ ಆಸೆ. ಒಮ್ಮೊಮ್ಮೆ ಈ ಆಸೆ ಎಷ್ಟು ಹೆಚ್ಚುತ್ತದೆಂದರೆ, ಕಟ್ಟಡ ಏಳುತ್ತಿರುವ ಕಡೆ ಆಟೋ ನಿಲ್ಲಿಸಿ ಇಳಿದುಬಿಡುತ್ತೇನೆ. ಈಗೀಗ ಅಲ್ಲಿ ಕೇಳಿಬರುವುದು ಬಿಹಾರದ ಕಡೆಯ ಮಾತು.

ಹೋದ ಚಳಿಗಾಲದಲ್ಲಿ ಉಪ್ಪಲ್ ಮೆಟ್ರೊ ಸ್ಟೇಷನ್ನಿನಲ್ಲಿ ನಿಂತಿದ್ದೆ. ಕೂಸನ್ನೆತ್ತಿಕೊಂಡ ಒಬ್ಬಳು ಓಡಿಬಂದು ಕಾಲು ಮುಟ್ಟಿದಳು. "ಬಾಗುನ್ನಾರಾ ಟೀಚರ್?" ಎಂದು ಕ್ಷೇಮ ವಿಚಾರಿಸಿದಳು. ಅದೇ ದೊಡ್ಡ ಹುಡುಗಿ. ಪೊಲೀಸ್ ಆಗಿರಲಿಲ್ಲ, ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಗಂಡ, ಅತ್ತೆ, ಬಾಡಿಗೆ ಮನೆ, ಎಲ್ಲವನ್ನೂ ತೆಲುಗಿನಲ್ಲಿ ಹೇಳಿದಳು. ನಾನೂ ಹೂಂಗುಟ್ಟುತ್ತ ತೆಲುಗಿನಲ್ಲೇ ಕೇಳಿದೆ. ಅಷ್ಟರಲ್ಲಿ ಕೂಸು ಅವಳ ಸರ ಹಿಡಿದೆಳೆದು ರಂಪ ಶುರುಮಾಡಿತು. ಅವಳು ಅದರ ಕಡೆ ತಿರುಗಿ ಒಂದೇ ಉಸಿರಿಗೆ ಅಂದಳು:

"ಸುಮ್ಕಿರಲೇ ನನ್ನ ಬಂಗಾರಾ! ಯಾಕ ಇಷ್ಟು ಹಟ ಮಾಡಾಕತ್ತಿ? ಮನಿಗೆ ಹೋಗಿ ಹಾಲಾಗ ರೊಟ್ಟಿ ಮುರಿದು ಹಾಕ್ತೀನಿ, ಸುಮ್ಕಿರು."

ಆ ಕೂಸಿನ ಮೇಲೆ ಹೊಟ್ಟೆಕಿಚ್ಚಾಯಿತು ಎಂದರೆ ನಗಬೇಡಿ. ಕಣ್ಣು ತುಂಬಿ ಬಂತು, ತಡೆಯಲಾಗಲಿಲ್ಲ. "ಇನ್ನೊಮ್ಮಿ ಬೈಯವ್ವಾ ಅವನ್ನ, ನಾ ಕೇಳ್ತೀನಿ" ಎಂದೆ, ಕನ್ನಡದಲ್ಲಿ.

ಅವಳ ಮುಖ ಕೆಂಪಾಯಿತು. ಸೆರಗು ಸರಿಮಾಡಿಕೊಂಡಳು, ತಲೆ ತಗ್ಗಿಸಿದಳು. "ಏಮೀ ಅನುಕೋಕಂಡಿ ಟೀಚರ್, ಇಂಟ್ಲೋ ಅಲಾಗೇ ಮಾಟ್ಲಾಡತಾಂ" ಎಂದಳು. ತಪ್ಪು ತಿಳಿಯಬೇಡಿ ಟೀಚರ್, ಮನೆಯಲ್ಲಿ ನಾವು ಹಾಗೇ ಮಾತಾಡುತ್ತೇವೆ.

ಅವಳಿಗೆ ಮುಜುಗರವಾಗಬಾರದೆಂದು, ಪರವಾಗಿಲ್ಲಮ್ಮಾ ಎಂದು ನಾನೂ ತೆಲುಗಿನಲ್ಲೇ ಹೇಳಿದೆ.