ಪೈಪಿನ ಆ ತುದಿ

ನಮ್ಮ ಅತ್ತೆಯನ್ನು ಅವರ ತಂಗಿ ಕರೆಯುವುದು ‘ಸ್ಟ್ಯಾಂಡಕ್ಕ’ ಅಂತ. ಮಾವ ಮನೆಯಲ್ಲಿ ಯಾವ ರಿಪೇರಿಗೆ ಕೈ ಹಾಕಿದರೂ ಏನನ್ನಾದರೂ ಹಿಡಿದು ನಿಲ್ಲುವ ಕೆಲಸ ಅತ್ತೆಯದು. ಏಣಿ ಹಿಡಿದಿದ್ದಾರೆ, ಸ್ಕೂಟರಿನ ಹೊಟ್ಟೆಯೊಳಗೆ ಟಾರ್ಚು ಹಿಡಿದಿದ್ದಾರೆ, ಅಳತೆ ಟೇಪಿನ ತುದಿ ಹಿಡಿದು ಗೋಡೆಗೆ ಅಂಟಿಕೊಂಡೇ ಅರ್ಧ ಆಯುಷ್ಯ ಕಳೆದಿದ್ದಾರೆ. ಮದುವೆಗೆ ಮುಂಚೆ ಒಂದು ಅಂಗಡಿಗೆ ಶರ್ಟು ಹೊಲಿದು ಕೊಡುತ್ತಿದ್ದರಂತೆ. ಈಗ ಹೊಲಿಗೆ ಮಿಷನ್ನಿನ ಮೇಲೆ ಮಾವನ ಡ್ರಿಲ್ಲು, ಬೋಲ್ಟಿನ ಡಬ್ಬಗಳು. ಯಾಕತ್ತೆ ಬಿಟ್ಟುಬಿಟ್ರಿ ಅಂತ ಒಮ್ಮೆ ಕೇಳಿದೆ. “ನಾನೆಲ್ಲಿ ಬಿಟ್ಟೆ? ಕೂತಾಗಲೆಲ್ಲ ಇವರು ಕರೀತಿದ್ರು, ಅಷ್ಟೇ” ಅಂದರು.

ಮಾವ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ನಿವೃತ್ತರಾದ ಮೇಲೆ ಮನೆಯೇ ಕಾರ್ಖಾನೆ, ಉಳಿದಿರುವ ಕೆಲಸಗಾರರು ನಾವೇ. ಈ ಸಲ ಮನೆ ಮುಂದೆ ಕಾರಿಗೊಂದು ಶೆಡ್ಡು ಏಳುತ್ತಿದೆ. ನಾಲ್ಕು ಕಬ್ಬಿಣದ ಕಂಬ ನೆಟ್ಟು ಕಾಂಕ್ರೀಟು ಹಾಕಿಯಾಗಿದೆ. ಅಂಗಳ ಗೇಟಿನ ಕಡೆ ಇಳಿಜಾರು, ಹಾಗಾಗಿ ಕಂಬಗಳ ತಲೆ ಒಂದೊಂದೂ ಒಂದೊಂದು ಎತ್ತರದಲ್ಲಿದೆ. ಎಲ್ಲವನ್ನೂ ಒಂದೇ ಮಟ್ಟಕ್ಕೆ ಕತ್ತರಿಸದಿದ್ದರೆ ಮೇಲಿನ ಚೌಕಟ್ಟು ಕೂರುವುದಿಲ್ಲ. ನಾಳೆ ಬೆಳಿಗ್ಗೆ ವೆಲ್ಡರ್ ಬರುವಷ್ಟರಲ್ಲಿ ಗುರುತು ಹಾಕಿರಬೇಕು. ನನ್ನ ಗಂಡ ರಜೆಯ ದಿನವೂ ಆಫೀಸಿಗೆ ಓಡಿದ್ದಾರೆ. ಅಷ್ಟು ನಿಷ್ಠೆಯ ನೌಕರ ಅವರು ಶೆಡ್ಡು ಶುರುವಾದ ಮೇಲೆಯೇ ಆದದ್ದು.

ನಾನು ಮಗಳನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತಿದ್ದೆ. ಮುಂಬಾಗಿಲಿಗೆ ಅಡ್ಡವಾಗಿ ಮಾವ ದಾರ ಕಟ್ಟಿದ್ದರು, ದಾಟಕೂಡದು. ಹಿಂಬಾಗಿಲಿಗೆ ತಗಡಿನ ಶೀಟುಗಳನ್ನು ಒರಗಿಸಿದ್ದರು. ಬೆಂಕಿ ಬಿದ್ದರೆ ಯಾವ ಕಡೆ ಓಡುವುದು, ಮಗುವನ್ನು ಮೊದಲು ಕಿಟಕಿಯಿಂದ ದಾಟಿಸುವುದೋ ಹೇಗೋ ಅಂತ ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಕಿಟಕಿಗೆ ಸರಳು ಇದೆ ಅನ್ನುವುದು ಆಮೇಲೆ ಹೊಳೆಯಿತು.

ಅತ್ತೆ ಹೊರಡುವ ಬಟ್ಟೆಯಲ್ಲೇ ಮನೆಗೆ ಹತ್ತಿರದ ಕಂಬಕ್ಕೆ ಆನಿಕೊಂಡು ನಿಂತಿದ್ದರು. ಭುಜಕ್ಕೆ ಚೀಲ, ಕೈಯಲ್ಲಿ ನೀರು ತುಂಬಿದ ಸಪೂರ ಪಾರದರ್ಶಕ ಪೈಪಿನ ಒಂದು ತುದಿ. ಇನ್ನೊಂದು ತುದಿ ಗೇಟಿನ ಹತ್ತಿರದ ಕಂಬದಲ್ಲಿ, ಮಾವನ ಕೈಯಲ್ಲಿ. ಎರಡೂ ತುದಿ ಎತ್ತಿ ಹಿಡಿದರೆ, ನೆಲ ಹೇಗೇ ಇರಲಿ, ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿ ಗುರುತು ಹಾಕಬೇಕು, ಅಷ್ಟೇ ಕೆಲಸ.

ಅತ್ತೆಯ ತಂಗಿಯ ಗಂಡನಿಗೆ ಬಹಳ ದೂರಕ್ಕೆ ವರ್ಗವಾಗಿತ್ತು. ಹೋಗುವ ದಾರಿಯಲ್ಲಿ ಅವರು ನಮ್ಮೂರ ನಿಲ್ದಾಣದಲ್ಲಿ ಬಸ್ಸು ಬದಲಿಸಬೇಕು. ಸಂಜೆಯ ಬಸ್ಸು ಹೊರಡುವವರೆಗೆ ತಂಗಿ ಅಕ್ಕನಿಗಾಗಿ ಅಲ್ಲೇ ಕಾಯುತ್ತಾಳೆ. ಹೋದ ಸಲ ಹೀಗೇ ಬಂದಾಗ ಅತ್ತೆ ನೀರಿನ ಟ್ಯಾಂಕಿನ ಮುಚ್ಚಳ ಹಿಡಿದು ನಿಂತಿದ್ದರು. ತಂಗಿ ಕಾದೂ ಕಾದೂ ಬಸ್ಸು ಹತ್ತಿದಳು.

ಫೋನು ಬಂತು. ಅತ್ತೆ ಅದನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡರು. ತಂಗಿಯ ಗಂಟಲು ನನಗೂ ಕೇಳುವಷ್ಟು ದೊಡ್ಡದು.

“ಏನ್ ಸ್ಟ್ಯಾಂಡಕ್ಕ, ಇವತ್ತೇನು ಹಿಡ್ಕೊಂಡಿದ್ದೀಯ?”

“ಪೈಪು ಕಣೆ. ಬಂದೆ, ಇನ್ನೇನು ಬಂದೆ.”

“ಭಾವಂಗೆ ಹೇಳು, ಮುಂದಿನ ಜನ್ಮಕ್ಕೆ ಒಂದು ಮೊಳೆ ಕಟ್ಕೊಳ್ಳಲಿ. ಹೊಡೆದಲ್ಲೇ ಇರುತ್ತೆ.”

ಅತ್ತೆ ಕಿಸಕ್ಕನೆ ನಕ್ಕರು.

“ಅಲ್ಲಾಡ್ಬೇಡವೇ!” ಗೇಟಿನ ಕಡೆಯಿಂದ ಮಾವ ಕೂಗಿದರು. “ನೀರು ಗುರುತಿಗೆ ನಿಂತಿದೆಯಾ?”

“ನಿಂತಿದೆ ರೀ.”

“ಮತ್ತೆ ಇಲ್ಲಿ ಹೋದ ಸಲಕ್ಕಿಂತ ನಾಲ್ಕು ಬೆರಳು ಮೇಲೆ ತೋರಿಸ್ತಿದೆ! ಏನು, ಕಂಬ ಬೆಳೀತಿದೆಯಾ?”

“ರೀ, ಅವಳ ಬಸ್ಸು...”

“ಎರಡೇ ನಿಮಿಷ. ಬಸ್ಸೇನು ಅವರಪ್ಪಂದಾ, ಟೈಮಿಗೆ ಸರಿಯಾಗಿ ಹೊರಡೋಕೆ?”

ಊಟ ಮುಗಿದಾಗಿನಿಂದ ಹೀಗೇ. ಪ್ರತಿ ಸಲವೂ ಅತ್ತೆಯ ಕಡೆ ನೀರು ಕೂದಲೆಳೆಯಷ್ಟೂ ತಪ್ಪದೆ ಗುರುತಿನಲ್ಲಿರುತ್ತಿತ್ತು, ಮಾವನ ಕಡೆ ಮಾತ್ರ ಮನಸ್ಸಿಗೆ ಬಂದಲ್ಲಿ ನಿಲ್ಲುತ್ತಿತ್ತು. ನಾನು ಸರಳಿಗೆ ಹಣೆ ಒತ್ತಿ ನೋಡಿದೆ. ಅತ್ತೆಯ ಹೆಬ್ಬೆರಳು ಪೈಪಿನ ಬಾಯಿಯ ಮೇಲಿತ್ತು. ಒತ್ತಿ ಒತ್ತಿ ಉಗುರು ಬೆಳ್ಳಗಾಗಿತ್ತು. ಬೆಳಿಗ್ಗೆ ನೀರು ಚೆಲ್ಲಿದಾಗ ಮಾವ ರೇಗಿದ್ದರಲ್ಲ, ಗುರುತು ಬಿಟ್ಟು ನೀರು ಕದಲಕೂಡದು ಅಂತ! ಅತ್ತೆ ಕದಲಲು ಬಿಟ್ಟಿರಲಿಲ್ಲ. ಜ್ಯೂಸಿನ ಸ್ಟ್ರಾಗೆ ಬೆರಳು ಮುಚ್ಚಿ ಎತ್ತಿದರೆ ಜ್ಯೂಸು ಒಳಗೇ ನಿಲ್ಲುತ್ತದಲ್ಲ, ಹಾಗೆ ನೀರನ್ನು ಹಿಡಿದಿಟ್ಟಿದ್ದರು. ಹೀಗೆ ಹಿಡಿದರೆ ನಾಳೆಯವರೆಗೂ ಮಟ್ಟ ಸಿಗುವುದಿಲ್ಲ.

ಕೂಗಿ ಹೇಳಬೇಕು ಅಂತ ಬಾಯಿ ತೆರೆದವಳು ಮುಚ್ಚಿಕೊಂಡೆ. ಹೇಳಿದರೆ ಮೊದಲು ಬೈಗುಳ, ಆಮೇಲೆ ಅತ್ತೆಯ ಕೈಯಿಂದಲೇ ಎಲ್ಲ ಹೊಸದಾಗಿ ಶುರು. ಸುಮ್ಮನಿದ್ದರೂ ಅವರು ಅಲ್ಲೇ. ಮಗುವನ್ನು ಮಂಚದ ಮೇಲೆ ಬಿಟ್ಟರೆ ಉರುಳಿ ಬೀಳುತ್ತದೆ, ಹೊರಗೊಯ್ದರೆ ತುಕ್ಕಿನ ಅಂಚು, ಸಿಮೆಂಟಿನ ಧೂಳು. ಬಿಸಿಲು ಆಗಲೇ ಎದುರುಮನೆಯ ಗೋಡೆ ಹತ್ತಿತ್ತು. ಮಗಳ ತಲೆಗೆ ಟೊಪ್ಪಿ ಹಾಕಿ, ಎದೆಗವಚಿಕೊಂಡು ದಾರದ ಕೆಳಗೆ ತೂರಿ ಹೊರಬಂದೆ.

“ಇಲ್ಲಿ ಕೊಡಿ ಅತ್ತೆ. ನೀವು ಹೊರಡಿ.”

“ಮಗು ಇದೆಯಲ್ಲಮ್ಮ...”

“ಒಂದು ಕೈ ಖಾಲಿ ಇದೆ. ಹೋಗಿ ಅಂದ್ರೆ ಹೋಗಿ.”

ಅವರು ಬೆರಳು ತೆಗೆಯುವ ಮೊದಲೇ ನಾನು ನನ್ನ ಬೆರಳನ್ನು ಅಲ್ಲಿಟ್ಟೆ. ಅತ್ತೆ ಗಂಡನ ಕಡೆ ನೋಡಿದರು. ಮಾವ ಪೈಪಿಗೆ ಮೂಗು ತಾಗಿಸಿ ಬಗ್ಗಿದ್ದರು. ಅವರ ಬೆನ್ನ ಹಿಂದಿನಿಂದ ಹಾದು, ಕೀಲು ಕಿರುಗುಟ್ಟದ ಹಾಗೆ ಗೇಟನ್ನು ಎತ್ತಿ ಹಿಡಿದು ತೆರೆದು, ಅತ್ತೆ ಬೀದಿಗೆ ಇಳಿದರು. ಆಮೇಲೆ ಬೆರಳು ತೆಗೆದೆ. ನನ್ನ ಕಡೆ ನೀರು ಜರ್ರನೆ ಮೇಲೇರಿತು.

“ಲೇ, ಇದ್ಯಾಕೆ ಇಳೀತು?” ತಲೆ ಎತ್ತಿದ ಮಾವ ನನ್ನನ್ನು ನೋಡಿ ಕಣ್ಣು ಕಿರಿದಾಗಿಸಿದರು. “ನೀನಾ? ಅವಳೆಲ್ಲಿ?”

“ಹೋದ್ರು ಮಾವ. ಪೈಪಿನ ಬಾಯಿಗೆ ಬೆರಳು ಅಡ್ಡ ಇತ್ತು, ತೆಗೆದೆ.”

ಅವರು ಕಂಬದಿಂದ ಕಂಬಕ್ಕೆ ಕಣ್ಣು ಹಾಯಿಸಿದರು. ಸೀಮೆಸುಣ್ಣದ ಗುರುತುಗಳು ಒಂದರ ಮೇಲೊಂದು ಏಣಿಯ ಮೆಟ್ಟಿಲಿನಂತೆ ಬಿದ್ದಿದ್ದವು. “ಅಂದ್ರೆ ಎಲ್ಲಾ ತಪ್ಪು. ಊಟ ಆದಾಗಿಂದ ಹಾಕಿದ್ದೆಲ್ಲಾ! ಕರಿ ಅವಳನ್ನ!”

ಅತ್ತೆ ಬೀದಿಯ ತಿರುವಿನಲ್ಲಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಾ ನಿಂತಿದ್ದುದು ನನಗೆ ಕಾಂಪೌಂಡಿನ ಮೇಲಿಂದ ಕಾಣಿಸುತ್ತಿತ್ತು. ಜೋರಾಗಿ ಕರೆದರೆ ಕೇಳುತ್ತಿತ್ತು.

“ಬಸ್ಸು ಹತ್ತಿಬಿಟ್ರು ಮಾವ.”

ಮಾವ ಒದ್ದೆ ಬಟ್ಟೆ ತಂದು ಗುರುತುಗಳನ್ನೆಲ್ಲ ಒರೆಸಿದರು. ನನ್ನ ಕಂಬದ ಮೇಲೆ ಹೊಸ ಗೆರೆ ಎಳೆದು, ತುದಿಯನ್ನು ಎಷ್ಟಕ್ಕೆ ಹಿಡಿಯಬೇಕು, ಕಾಲು ಎಲ್ಲಿಡಬೇಕು, ಎಲ್ಲ ತೋರಿಸಿಕೊಟ್ಟರು. ನೀರು ಏರಿತು, ಇಳಿಯಿತು, ನಿಲ್ಲುವ ಮೊದಲೇ ಮಗಳು ಪೈಪಿಗೆ ಕೈ ಹಾಕಿದಳು. ಮತ್ತೆ ಕದಡಿತು. ಅವಳಿಗೆ ಹಾಲಿನ ಹೊತ್ತು ಮೀರಿತ್ತು. ನನ್ನ ಹೆಗಲು ಕಚ್ಚಿ ಅಳು ಶುರುವಿಟ್ಟಳು.

“ಮಗು ಆ ಪಾಟಿ ಅಳ್ತಿದೆಯಲ್ಲ,” ಮಾವ ಗೇಟಿನ ಕಂಬದಿಂದ ಕೂಗಿದರು, “ಯಾರಾದ್ರೂ ಸ್ವಲ್ಪ ಹಿಡ್ಕೋಬಾರ್ದಾ?”

“ಯಾರು ಮಾವ?”

ಅವರು ನಿಜಕ್ಕೂ ಸುತ್ತ ನೋಡಿದರು, ಮನೆಯ ಕಡೆ, ಬೀದಿಯ ಕಡೆ. ಆಮೇಲೆ ಬಗ್ಗಿ ಪೈಪಿಗೆ ಕಣ್ಣಿಟ್ಟರು.