ಚಂದ್ರನ ಮೇಲೆ ಬಿಟ್ಟು ಬಂದ ಅಡುಗೆಯವನೂ ನನ್ನ ಮದುವೆಯೂ

ನನ್ನನ್ನು ನೋಡಲು ಬಂದ ಹುಡುಗನ ಜೊತೆ ನಮ್ಮಪ್ಪ ಚಂದ್ರಲೋಕದ ವಿಷಯಕ್ಕೆ ಜಗಳಕ್ಕೆ ನಿಂತುಬಿಟ್ಟ. ತಟ್ಟೆಯಲ್ಲಿ ಉಪ್ಪಿಟ್ಟು ಹಾಗೇ ಇತ್ತು. ನಾನು ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

ಅರವತ್ತರ ದಶಕದ ಮಾತು. ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಲೈನಿನಲ್ಲಿ ನಮ್ಮ ಮನೆ. ಸುರಂಗ ಕುಸಿಯದ ಹಾಗೆ ಮರದ ಆಸರೆ ನಿಲ್ಲಿಸುವುದು ಅಪ್ಪನ ಕೆಲಸ.

ಹುಡುಗ ಬಂಗಾರಪೇಟೆ ಹತ್ತಿರದ ಹಳ್ಳಿಯ ರೈತರ ಮಗ, ಸ್ಕೂಲ್ ಮೇಷ್ಟ್ರು. ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ನಾನು ಆಗಲೇ ಮನಸ್ಸಿನಲ್ಲಿ ಒಪ್ಪಿಯಾಗಿತ್ತು...

ಜಗಳಕ್ಕೆ ಕಾರಣ ಒಂದು ಇಂಗ್ಲಿಷ್ ಸೀರಿಯಲ್. ಟಿವಿಯದ್ದಲ್ಲ, ನಮ್ಮ ಕಡೆ ಟಿವಿ ಎಲ್ಲಿತ್ತು ಆಗ! ಬಂಗಾರಪೇಟೆಯ ಟಾಕೀಸಿನಲ್ಲಿ ಭಾನುವಾರ ಮ್ಯಾಟಿನಿಯಲ್ಲಿ ದೊಡ್ಡ ಪಿಕ್ಚರ್ ಮುಗಿದ ಮೇಲೆ ವಾರಕ್ಕೊಂದು ಕಂತು ಹಾಕುತ್ತಿದ್ದರು.

ರಾಕೆಟ್ಟು, ಚಂದ್ರ, ಗವಿ, ಒಬ್ಬ ಕ್ಯಾಪ್ಟನ್. ಮಾತು ಒಂದೂ ಅರ್ಥವಾಗದಿದ್ದರೂ ನಮ್ಮ ಲೈನಿನ ಗಂಡಸರೆಲ್ಲ ಮಾರಿಕುಪ್ಪಂನಿಂದ ರೈಲು ಹತ್ತಿ ಹೋಗುತ್ತಿದ್ದರು. ವಾಪಸ್ ರೈಲಿಗೆ ಹೊತ್ತಾದರೆ ಆಪರೇಟರ್ ಮಧ್ಯೆ ಒಂದು ರೀಲನ್ನೇ ಹಾರಿಸಿಬಿಡುತ್ತಿದ್ದ. ಅದೂ ಎಲ್ಲರಿಗೂ ಗೊತ್ತಿತ್ತು.

ಕಥೆಯೋ, ತಲೆಬುಡ ಇಲ್ಲದ್ದು. ಚಂದ್ರನ ಮೇಲೆ ಗಾಳಿ ಇಲ್ಲ ಅಂತ ಗಾಜಿನ ಬುರುಡೆ ಹಾಕಿಕೊಂಡು ಇಳಿಯುತ್ತಾರೆ, ಕಣ್ಣೀರು ಬಂತು ಅಂತ ನಾಯಕಿ ಅದನ್ನು ತೆಗೆದು ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುತ್ತಾಳೆ. ಗವಿಯೊಳಗೆ ಪಂಜು ಹಚ್ಚಿಕೊಂಡು ಓಡಾಡುತ್ತಾರೆ. ಜೊತೆಗೆ ರಾಕೆಟ್ಟಿನ ಅಡುಗೆಯವನನ್ನೂ ಕರೆದುಕೊಂಡು ಹೋಗುತ್ತಾರೆ, ಯಾಕೆ ಅಂತ ಆ ಕ್ಯಾಪ್ಟನ್ನಿಗೇ ಗೊತ್ತು.

ಅವತ್ತು ಮೊದಮೊದಲು ಅಪ್ಪನೂ ಹುಡುಗನೂ ಇದನ್ನೆಲ್ಲ ಹೇಳಿಕೊಂಡು ಬಿದ್ದು ಬಿದ್ದು ನಕ್ಕರು. ಇನ್ನೇನು ತಾಂಬೂಲ ಬದಲಾಯಿಸುವುದೊಂದೇ ಬಾಕಿ ಅಂದುಕೊಂಡೆ.

ಆಮೇಲೆ ಹಿಂದಿನ ವಾರದ ಕಂತಿನ ಮಾತು ಬಂತು.

"ಐದು ಜನ ಗವಿಗಿಳುದ್ರು, ನಾಕು ಜನ ಅತ್ತಿ ಬಂದ್ರು. ಅಡ್ಗೆಯವ್ನ ಅಲ್ಲೇ ಬಿಟ್ಟು ರಾಕೆಟ್ ಬಿಟ್ಟವ್ನಲ್ಲ, ಅವ್ನೆಂತ ಕ್ಯಾಪ್ಟನ್ನು?" ಅಂದ ಅಪ್ಪ.

"ಧೂಮಕೇತು ಬತ್ತಿತ್ತಲ್ಲ ಯಜಮಾನ್ರೆ, ಟೈಮೆಲ್ಲಿತ್ತು? ಉಳಿದೋರ್ನಾದ್ರೂ ಉಳಿಸ್ಬೇಕಲ್ವಾ?" ಅಂದ ಹುಡುಗ.

ಅಪ್ಪನ ಮುಖವೇ ಬದಲಾಯಿತು.

ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ನಂಬರಿನ ಬಿಲ್ಲೆ ಇರುತ್ತಿತ್ತು, ಮೇಲೆ ಬಂದ ಮೇಲೆ ಅದನ್ನು ವಾಪಸ್ ಕೊಡಬೇಕು. ಒಂದು ಸಲ ಬಂಡೆ ಕುಸಿದಾಗ ಅಪ್ಪನ ಬಿಲ್ಲೆ ಬರಲಿಲ್ಲ ಅಂತ ಜೊತೆಯವರು ಮತ್ತೆ ಇಳಿದು ಹುಡುಕಿ ತಂದಿದ್ದರು. ಇಲ್ಲದಿದ್ದರೆ ನಮಗೆ ಅಪ್ಪ ಇರುತ್ತಿರಲಿಲ್ಲ.

"ಎಣಿಸ್ದೆ ಓಗೋದು ಸರಿ ಅನ್ನೋನ್ಗೆ ನಾನು ಮಗ್ಳ್ನ ಕೊಡಾಕಿಲ್ಲ" ಅಂದು ಎದ್ದೇಬಿಟ್ಟ.

ನನಗೆ ಎಲ್ಲಿಲ್ಲದ ಧೈರ್ಯ ಬಂತು ನೋಡಿ. "ಕಥೆ ಇನ್ನೂ ಮುಗುದಿಲ್ವಲ್ಲಪ್ಪ, ಬರೋ ವಾರ ಕ್ಯಾಪ್ಟನ್ ವಾಪಸ್ ಓಗಿ ಕರ್ಕೊಂಡ್ ಬಂದ್ರೆ?" ಅಂದೆ.

ಅಪ್ಪ ನನ್ನನ್ನೂ ಹುಡುಗನನ್ನೂ ಒಂದು ಸಲ ನೋಡಿದ. "ಕರ್ಕೊಂಡ್ ಬಂದ್ರೆ ಲಗ್ನ. ಇಲ್ದಿದ್ರೆ ಇಲ್ಲ."

ಅಂತೂ ನನ್ನ ಮದುವೆ ಹೋಗಿ ಚಂದ್ರನ ಮೇಲೆ ಕೂತಿತು!

ಆ ವಾರ ನನಗೆ ಅನ್ನ ಸೇರಲಿಲ್ಲ. ಪಕ್ಕದ ಮನೆ ಮುನಿಯಮ್ಮಕ್ಕ ಆ ಅಡುಗೆಯವನು ಸುಖವಾಗಿ ಬರಲಿ ಅಂತ ಮಾರಿಯಮ್ಮನಿಗೆ ಹರಕೆ ಹೊತ್ತಳು. ನಾನೂ ಕೈಮುಗಿದೆ, ಸುಳ್ಳು ಯಾಕೆ ಹೇಳಲಿ.

ಭಾನುವಾರ ನಮ್ಮ ಲೈನಿಗೆ ಲೈನೇ ಟಾಕೀಸಿಗೆ ಬಂದಿತ್ತು. ಹುಡುಗ ಗೋಡೆ ಪಕ್ಕ ನಿಂತಿದ್ದ. ನಾನು ಹೆಂಗಸರ ಬೆಂಚಿನಲ್ಲಿ ಉಗುರು ಕಚ್ಚುತ್ತಾ ಕೂತಿದ್ದೆ.

ಕಂತು ಶುರುವಾಯಿತು. ಅಡುಗೆಯವನು ರಾಕೆಟ್ಟಿನೊಳಗೆ ಆರಾಮಾಗಿ ಪಾತ್ರೆ ತಿರುವುತ್ತಾ ನಿಂತಿದ್ದಾನೆ!

ಹೇಗೆ ಬಂದ, ಯಾರು ತಂದರು, ಒಂದೂ ಇಲ್ಲ. ಹೆಂಗಸರೆಲ್ಲ ಬಂದ ಬಂದ ಅಂತ ಚಪ್ಪಾಳೆ, ಗಂಡಸರೆಲ್ಲ ಯಾರ್ಲಾ ತಂದಿದ್ದು ಅಂತ ಕೂಗಾಟ. ಹೋದ ವಾರ ಹಾರಿಸಿದ ರೀಲಿನಲ್ಲೇ ಇರಬೇಕು ಅಂತ ಎಲ್ಲರಿಗೂ ಹೊಳೆಯಿತು.

"ನಾನ್ ಓಗಿ ಆಪರೇಟರ್ನ ಕೇಳ್ಕೊಂಡ್ ಬತ್ತೀನಿ" ಅಂತ ಹುಡುಗ ಹೊರಗೆ ಹೋದ.

ಕಂತು ಮುಗಿಯುವ ಹೊತ್ತಿಗೆ ಬಂದ. ಮುಖ ಸಪ್ಪಗಿತ್ತು.

ಅಪ್ಪನ ಎದುರು ನಿಂತು, "ಆ ರೀಲ್ನ ಬೆಳಕಿಗಿಡ್ದು ನೋಡ್ದೆ. ಕ್ಯಾಪ್ಟನ್ ತಿರುಗೂ ನೋಡ್ಲಿಲ್ಲ, ಅವ್ನೇ ಏಣಿ ಇಡ್ಕೊಂಡು ಅತ್ಕೊಂಡ. ನೀವೇಳಿದ್ದೇ ಸರಿ, ನಂದೇ ತಪ್ಪು. ಬತ್ತೀನಿ" ಅಂದ.

ಹಾಳಾದವನು, ತಂದ ಅಂತ ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು? ನನಗೆ ಅಳುವೇ ಬಂತು.

ಅಪ್ಪ ಅವನ ಭುಜ ಹಿಡಿದು ನಿಲ್ಲಿಸಿದ. "ಎಲ್ಲಿಗ್ಲಾ ಓಗ್ತೀಯಾ? ನಿಂತ್ಕೋ. ಎಣ್ಣು ಕಳ್ಕೊಂಡ್ರೂ ನಿಜ ಏಳ್ದೋನು ನೀನು" ಅಂದವನೇ ಲಗ್ನದ ಮಾತೆತ್ತಿದ. ಆ ಮಾತಿನಲ್ಲಿ ನಮ್ಮ ರೈಲೂ ತಪ್ಪಿತು.

ಅಪ್ಪ ಬದುಕಿದ್ದಷ್ಟು ದಿನವೂ ನಮ್ಮ ಅಳಿಯನಂಥ ಸತ್ಯವಂತ ಇಲ್ಲ ಅಂತ ಹೇಳುತ್ತಲೇ ಇದ್ದ.

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಯಾವುದೋ ಬಾಹ್ಯಾಕಾಶದ ಸೀರೀಸ್ ನೋಡುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಇದ್ದಕ್ಕಿದ್ದಂತೆ ನಗಲು ಶುರು ಮಾಡಿದರು. ಕಣ್ಣು ಪೂರ್ತಿ ಮುಚ್ಚಿಹೋಗಿದೆ, ಮಾತೇ ಹೊರಡುತ್ತಿಲ್ಲ.

"ಆವತ್ತು ಆಪರೇಟರ್ ರೂಮಿಗೇ ನನ್ನ ಸೇರುಸ್ಲಿಲ್ಲ ಕಣೇ. ರೀಲೂ ನೋಡ್ಲಿಲ್ಲ, ಏಣೀನೂ ನೋಡ್ಲಿಲ್ಲ. ಒರಗಡೆ ನಿಂತು, ನಿಮ್ಮಪ್ಪುಂಗೆ ಏನೇಳುದ್ರೆ ನಿನ್ನ ಕೊಡ್ತಾರೆ ಅಂತ ಯೋಚ್ನೆ ಮಾಡ್ಕೊಂಡು ಬಂದೆ" ಅಂದರು.

ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತೆ.

ನನ್ನನ್ನು ಗೆಲ್ಲಲು ಇಷ್ಟು ಚೆನ್ನಾಗಿ ಸೋತ ಮನುಷ್ಯನನ್ನು ಬಯ್ಯಲೋ, ಇನ್ನೊಂದು ಸಲ ಮದುವೆಯಾಗಲೋ, ನೀವೇ ಹೇಳಿ?